ತುತ್ತು ಮತ್ತು ಬೆತ್ತ: ಬೆಳೆದ ನಾಯಿಗೆ ಪಾಠ ಕಲಿಸಿದ ಚರಿತ್ರೆ

ಕೋಲಾರ ಸೀಮೆಯ ಊರುಗಳಲ್ಲಿ ಒಂದೇ ಬೀದಿಯಲ್ಲಿ ಮೂರು ಭಾಷೆ ಕೇಳಿಸುತ್ತದೆ. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಅದರಾಚೆ ದಖನಿ. ಈ ಮೂರೂ ಮನೆಗಳಲ್ಲಿ ಬದಲಾಗದೆ ಉಳಿದಿರುವ ಮಾತೊಂದಿದೆ. ನಾಯಿಯ ಬಾಲ ಡೊಂಕು. ನಳಿಗೆಗೆ ಹಾಕಿದರೂ ಡೊಂಕೇ ಎನ್ನುತ್ತದೆ ಕನ್ನಡ. ಹನ್ನೆರಡು ವರ್ಷ ಕೊಳವೆಯಲ್ಲಿಟ್ಟು ತೆಗೆದರೂ ಸೊಟ್ಟಗೇ ಇರುತ್ತದೆ ಎನ್ನುತ್ತದೆ ದಖನಿ. ಇದರ ಜೊತೆಗೆ ಇನ್ನೊಂದು ಗಾದೆಯೂ ಇದೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಈ ಗಾದೆಗಳನ್ನು ನಾವು ನಾಯಿಯ ಬಗ್ಗೆ ಆಡುವುದಕ್ಕಿಂತ ಮನುಷ್ಯರ ಬಗ್ಗೆ ಆಡುವುದೇ ಹೆಚ್ಚು. ಶಾಲೆಯಲ್ಲಿ ಹಿಂದುಳಿದ ಹುಡುಗ, ಜೈಲಿನಿಂದ ಬಂದ ಯುವಕ, ಕುಡಿತ ಬಿಡಲು ಹೆಣಗುವ ಗಂಡ, ಇವರೆಲ್ಲರ ಮೇಲೆ ನಾವು ಇದೇ ತೀರ್ಪು ಕೊಟ್ಟುಬಿಡುತ್ತೇವೆ. ಬೆಳೆದ ಮೇಲೆ ಯಾರೂ ಕಲಿಯಲಾರರು ಎಂದು ನಂಬಿದವನ ಕೈಯಲ್ಲಿ ಕೊನೆಗೆ ಉಳಿಯುವುದು ದೊಣ್ಣೆಯೊಂದೇ. ಆದ್ದರಿಂದ ಗಾದೆ ಹೇಳುವುದು ನಿಜವೇ ಎಂದು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಪರೀಕ್ಷೆಯನ್ನು ನಾಯಿಯಿಂದಲೇ ಆರಂಭಿಸೋಣ. ಏಕೆಂದರೆ ನಾಯಿಗೆ ಪಾಠ ಕಲಿಸಿದ ಚರಿತ್ರೆ ಬಹಳ ಉದ್ದವಾದುದು, ಅದರ ಒಂದು ತುದಿ ನಮ್ಮ ಮುಳಬಾಗಿಲಿನಲ್ಲೇ ಇದೆ.

ಕಲ್ಲಿನಲ್ಲಿ ಉಳಿದ ಹೆಸರುಗಳು

ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ರಾಜರ ದಾನ, ದೇವಾಲಯದ ದತ್ತಿ, ತುರುಗಾಳಗದಲ್ಲಿ ಮಡಿದ ವೀರರ ಕಲ್ಲುಗಳ ನಡುವೆ ಮುಳಬಾಗಿಲು ತಾಲೂಕಿನ ಹತ್ತನೆಯ ಶತಮಾನದ ಒಂದು ಬರಹ ಬೇರೆಯಾಗಿಯೇ ನಿಲ್ಲುತ್ತದೆ. ಅದು ಎರಡು ಬೇಟೆನಾಯಿಗಳ ನೆನಪು. ಒಂದರ ಹೆಸರು ಲೋಗ, ಇನ್ನೊಂದರ ಹೆಸರು ಧಳಗ. ಲೋಗ ಕೊಂದ ಕಾಡುಹಂದಿಗಳು 75, ಧಳಗ ಕೊಂದವು 26.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕಾಡುಹಂದಿ ಸುಲಭದ ಬೇಟೆಯಲ್ಲ. ಅದರ ಕೋರೆ ನಾಯಿಯ ಹೊಟ್ಟೆಯನ್ನು ಒಂದೇ ಏಟಿಗೆ ಸೀಳಬಲ್ಲದು. ಎಳೆಯ ನಾಯಿಯನ್ನು ಅದರ ಎದುರು ಬಿಡುವವರಿಲ್ಲ. 75 ಹಂದಿಗಳನ್ನು ಎದುರಿಸಿದ ನಾಯಿ ವರ್ಷಗಟ್ಟಲೆ ಬೇಟೆಗಾರನೊಡನೆ ದುಡಿದಿರಬೇಕು, ಬೆಳೆದ ಮೇಲೂ ಪ್ರತಿ ಬೇಟೆಯಲ್ಲೂ ಹೊಸದನ್ನು ಕಲಿತಿರಬೇಕು. ಯಾವಾಗ ನುಗ್ಗಬೇಕು, ಯಾವಾಗ ಸುತ್ತುವರಿದು ಬೊಗಳುತ್ತ ನಿಲ್ಲಬೇಕು, ಯಾವ ಕೂಗಿಗೆ ಹಿಂದಿರುಗಬೇಕು ಎಂಬುದೆಲ್ಲ ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಆ ಹಂದಿಗಳನ್ನು ಎಣಿಸಿ ಇಟ್ಟವನೊಬ್ಬನಿದ್ದ. ನಾಯಿಗೆ ಹೆಸರಿಟ್ಟು, ಅದರ ಕೆಲಸವನ್ನು ಲೆಕ್ಕವಿಟ್ಟು, ಸತ್ತ ಮೇಲೆ ಕಲ್ಲು ಕೆತ್ತಿಸಿದವನು ಅದನ್ನು ಬರಿಯ ದೊಣ್ಣೆಯಿಂದ ಸಾಕಿರಲಾರ.

ಅದೇ ಶತಮಾನದ ಇನ್ನೊಂದು ಕಲ್ಲು ಹೆಚ್ಚು ಪ್ರಸಿದ್ಧ. ಅದು ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನದು. ಕ್ರಿ.ಶ. 949-50ರ ಈ ಶಾಸನಕ್ಕೂ ಕೋಲಾರಕ್ಕೂ ಸಂಬಂಧವಿದೆ. ತಲಕಾಡಿನ ಗಂಗರು ಕುವಳಾಲಪುರವರೇಶ್ವರರು ಎಂಬ ಬಿರುದು ಹೊತ್ತವರು. ಕುವಳಾಲ ಎಂದರೆ ಇಂದಿನ ಕೋಲಾರ. ಆ ವಂಶದ ಇಮ್ಮಡಿ ಬೂತುಗ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳು ಎಂದಾಗ ಅವನು ಭೂಮಿ ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಸೆಣಸಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಡಲಾಯಿತು. ನಾಯಿಯೂ ಹಂದಿಯೂ ಕಾದಾಡುತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಣಲೇರ ಕೇಳಿದ್ದು ಮರಿಯನ್ನಲ್ಲ, ಪಳಗಿದ ನಾಯಿಯನ್ನು. ಬೆಳೆದ ನಾಯಿ ಒಬ್ಬ ಒಡೆಯನಿಂದ ಇನ್ನೊಬ್ಬನ ಬಳಿಗೆ ಬಂದು, ಹೊಸ ದನಿಗೆ ಒಗ್ಗಿ, ಅವನಿಗಾಗಿ ಪ್ರಾಣ ಕೊಟ್ಟಿತು. ಮರ ಬಗ್ಗುವುದಿಲ್ಲ ಎಂಬ ಗಾದೆಗೆ ಇದು ಸಾವಿರ ವರ್ಷ ಹಿಂದಿನ ಉತ್ತರ. ಮುಂದೆ 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ‘ಸಾರಮೇಯ ವಿನೋದ’ ಎಂಬ ಭಾಗವನ್ನೇ ನಾಯಿಗಳಿಗೆ ಮೀಸಲಿಟ್ಟ. ಕನ್ನಡ ನಾಡಿನಲ್ಲಿ ನಾಯಿಯನ್ನು ಪಳಗಿಸುವುದು ಆಗಲೇ ಒಂದು ಶಾಸ್ತ್ರವಾಗಿತ್ತು.

ಕಲಿತ ನಾಯಿಯ ಸ್ಥಾನ

ಮುಸ್ಲಿಮ್ ಮನೆಗಳಲ್ಲಿ ನಾಯಿಯೆಂದರೆ ದೂರ ಇಡಬೇಕಾದ ಪ್ರಾಣಿ ಎಂಬ ಭಾವನೆ ಬಲವಾಗಿದೆ. ನಾಯಿ ನೆಕ್ಕಿದ ಪಾತ್ರೆಯನ್ನು ಹಲವು ಸಲ ತೊಳೆಯಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ಅದೇ ಪರಂಪರೆಯಲ್ಲಿ ನಾಯಿಗೆ ದೊರೆತಿರುವ ಇನ್ನೊಂದು ಸ್ಥಾನ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬೇಟೆ, ಜಾನುವಾರಿನ ಕಾವಲು ಮತ್ತು ಹೊಲದ ಕಾವಲಿಗೆ ನಾಯಿ ಸಾಕಲು ಹದೀಸ್‌ಗಳಲ್ಲಿ ಅನುಮತಿಯಿದೆ. ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ ನಾಲ್ಕನೆಯ ಸೂಕ್ತವು ಬೇಟೆಯ ಪ್ರಾಣಿಗಳನ್ನು ಪಳಗಿಸುವ ಬಗ್ಗೆಯೇ ಮಾತಾಡುತ್ತದೆ. ಅಲ್ಲಾಹನು ನಿಮಗೆ ಕಲಿಸಿದ ಜ್ಞಾನದಿಂದ ನೀವು ಅವುಗಳಿಗೆ ಕಲಿಸುತ್ತೀರಿ ಎಂಬುದು ಅದರ ಭಾವ. ಮನುಷ್ಯನಿಗೆ ಬಂದ ಜ್ಞಾನ ಪ್ರಾಣಿಗೂ ಹರಿಯುತ್ತದೆ ಎಂಬ ಈ ಮಾತು ಸಣ್ಣದಲ್ಲ.

ಔದಾರ್ಯಕ್ಕೆ ಹೆಸರಾದ ಹಾತಿಮ್ ತಾಯಿಯ ಮಗ ಹ. ಅದೀ ಬಿನ್ ಹಾತಿಮ್(ರ) ಬೇಟೆಯಲ್ಲಿ ಆಸಕ್ತಿಯುಳ್ಳವರು. ನಾಯಿ ಹಿಡಿದ ಬೇಟೆಯನ್ನು ತಿನ್ನಬಹುದೇ ಎಂದು ಅವರು ಪ್ರವಾದಿವರ್ಯರನ್ನು(ಸ) ಕೇಳಿದರು. ಕಲಿತ ನಾಯಿಯನ್ನು ಅಲ್ಲಾಹನ ಹೆಸರು ಹೇಳಿ ಬಿಟ್ಟಿದ್ದರೆ ತಿನ್ನಬಹುದು, ನಾಯಿ ಅದರಲ್ಲಿ ತಿಂದಿದ್ದರೆ ಅದು ತನಗಾಗಿ ಹಿಡಿದದ್ದು, ಆಗ ತಿನ್ನಬೇಡಿ ಎಂಬರ್ಥದ ಉತ್ತರ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಇದರಿಂದ ಫಿಕ್ಹ್ ವಿದ್ವಾಂಸರಿಗೆ ಒಂದು ಕುತೂಹಲದ ಪ್ರಶ್ನೆ ಎದುರಾಯಿತು. ನಾಯಿ ‘ಕಲಿತಿದೆ’ ಎಂದು ಹೇಳುವುದು ಯಾವಾಗ? ಬಿಟ್ಟಾಗ ಓಡಬೇಕು, ಕರೆದಾಗ ಬರಬೇಕು, ಹಿಡಿದದ್ದನ್ನು ತಿನ್ನದೆ ಒಡೆಯನಿಗಾಗಿ ಕಾಯಬೇಕು ಎಂದು ಅವರು ಗುರುತುಗಳನ್ನು ಹೇಳಿದರು. ಇಮಾಮ್ ಅಬೂ ಹನೀಫಾರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರು, ಮೂರು ಸಲ ಹೀಗೆ ತಿನ್ನದೆ ಬಿಟ್ಟರೆ ಅದು ಕಲಿತ ನಾಯಿ ಎಂದರು. ಇಂತಹ ನಾಯಿಗೆ ಅರಬಿಯಲ್ಲಿ ‘ಮುಅಲ್ಲಮ್’ ಎನ್ನುತ್ತಾರೆ. ಇಲ್ಮ್, ಮುಅಲ್ಲಿಮ್ ಎಂಬ ಪದಗಳ ಬೇರೇ ಇದರದೂ. 14ನೇ ಶತಮಾನದ ವಿದ್ವಾಂಸ ಇಬ್ನುಲ್ ಕಯ್ಯಿಮ್ ಜ್ಞಾನದ ಹಿರಿಮೆಯನ್ನು ವಿವರಿಸುವಾಗ ಈ ನಾಯಿಯನ್ನೇ ಉದಾಹರಿಸಿದ್ದಾರೆ. ಕಲಿಯದ ನಾಯಿ ಹಿಡಿದದ್ದು ನಿಷಿದ್ಧ, ಕಲಿತ ನಾಯಿ ಹಿಡಿದದ್ದು ಸಮ್ಮತ. ಕಲಿಕೆ ನಾಯಿಯ ಸ್ಥಾನವನ್ನೂ ಎತ್ತರಿಸುತ್ತದೆ ಎಂದಾದರೆ ಮನುಷ್ಯನ ಮಾತೇನು ಎಂಬುದು ಅವರ ವಾದ.

ಬಗ್ದಾದಿನಲ್ಲಿ ಕ್ರಿ.ಶ. 921ರಲ್ಲಿ ನಿಧನರಾದ ಇಬ್ನುಲ್ ಮರ್‍ಝುಬಾನ್ ಎಂಬ ಸಾಹಿತಿಯಂತೂ ಬಟ್ಟೆ ತೊಟ್ಟ ಹಲವರಿಗಿಂತ ನಾಯಿಗಳೇ ಮೇಲು ಎಂಬರ್ಥದ ಹೆಸರಿಟ್ಟು ಒಂದು ಪುಸ್ತಕವನ್ನೇ ರಚಿಸಿದರು. ಮುಳಬಾಗಿಲಿನ ಕಲ್ಲೂ ಬಗ್ದಾದಿನ ಪುಸ್ತಕವೂ ಸುಮಾರಾಗಿ ಒಂದೇ ಕಾಲಮಾನದವು.

ಶಿವಂಗಿಯ ಸೌಟು

ಹಸಿದ ಪ್ರಾಣಿಯೊಂದು ತಾನು ಹಿಡಿದ ಮಾಂಸವನ್ನು ತಿನ್ನದೆ ಕಾಯುವಂತೆ ಮಾಡುವುದು ಹೇಗೆ? ಹೊಡೆದರೆ ಅದು ಬೇಟೆಯನ್ನು ಕಚ್ಚಿಕೊಂಡು ದೂರ ಓಡುತ್ತದೆ, ಇಲ್ಲವೇ ಬೇಟೆಯನ್ನೇ ಬಿಡುತ್ತದೆ. ಹಳೆಯ ಬೇಟೆಗಾರರು ಇದಕ್ಕೆ ಕಂಡುಕೊಂಡ ಉಪಾಯ ವಿನಿಮಯ. ಡೇಗೆಯನ್ನು ಪಳಗಿಸುವವನು ಅದು ಹಿಡಿದ ಹಕ್ಕಿಯನ್ನು ಕಿತ್ತುಕೊಳ್ಳುವುದಿಲ್ಲ, ಕೈಯಲ್ಲಿ ಮಾಂಸದ ತುಂಡು ತೋರಿಸಿ ತನ್ನ ಕೈಗವಸಿನ ಮೇಲೆ ಬರಮಾಡಿಕೊಳ್ಳುತ್ತಾನೆ. ಫ್ರಾನ್ಸಿನಲ್ಲಿ 14ನೇ ಶತಮಾನದ ಕೊನೆಗೆ ಗಾಸ್ತೋಂ ಫೇಬ್ಯೂಸ್ ಬರೆದ ಬೇಟೆಯ ಗ್ರಂಥದಲ್ಲಿ, ಬೇಟೆ ಮುಗಿದ ಕೂಡಲೇ ನಾಯಿಗಳಿಗೆ ರಕ್ತದಲ್ಲಿ ನೆನೆಸಿದ ರೊಟ್ಟಿ ಕೊಡುವ ಪದ್ಧತಿಯ ವಿವರವಿದೆ.

ನಮ್ಮ ದೇಶದಲ್ಲಿ ಇದಕ್ಕೆ ಅತ್ಯುತ್ತಮ ಉದಾಹರಣೆ ಶಿವಂಗಿ, ಅಂದರೆ ಚೀತಾ. ಬೇಟೆಗೆ ಬೇಕಾದ ಚೀತಾಗಳನ್ನು ಮರಿಯಾಗಿ ಹಿಡಿಯುತ್ತಿರಲಿಲ್ಲ. ತಾಯಿಯಿಂದ ಬೇಟೆ ಕಲಿಯದ ಮರಿ ಕೆಲಸಕ್ಕೆ ಬಾರದು ಎಂಬುದು ಸಾಕುವವರ ಅನುಭವ. ಆದ್ದರಿಂದ ಬೆಳೆದ ಕಾಡುಪ್ರಾಣಿಯನ್ನೇ ಹಿಡಿದು ಪಳಗಿಸಬೇಕಿತ್ತು. ಅದನ್ನು ಹಗ್ಗದ ಮಂಚಕ್ಕೆ ಕಟ್ಟಿ, ಕಣ್ಣಿಗೆ ಟೋಪಿ ಹಾಕಿ, ಮನುಷ್ಯರ ಸದ್ದಿಗೆ ಒಗ್ಗಿಸುತ್ತಿದ್ದರು. ಸಾಕುವವರ ಮನೆಯ ಹೆಂಗಸರು ಮಕ್ಕಳು ಅದರ ಪಕ್ಕ ಕುಳಿತು ಮಾತಾಡುತ್ತಿದ್ದರು ಎಂದು ಲಾಕ್‌ವುಡ್ ಕಿಪ್ಲಿಂಗ್ 1891ರ ತನ್ನ ಪುಸ್ತಕದಲ್ಲಿ ವರ್ಣಿಸಿದ್ದಾನೆ. ಬಿಟ್ಟ ಚೀತಾ ಕೃಷ್ಣಮೃಗವನ್ನು ಕೆಡವಿದಾಗ ಸಾಕುವವನು ಮರದ ಸೌಟಿನಲ್ಲಿ ರಕ್ತವನ್ನು ಹಿಡಿದು ಅದರ ಮೂತಿಯ ಬಳಿ ಒಡ್ಡುತ್ತಿದ್ದ. ಅದು ಸೌಟಿಗೆ ಬಾಯಿ ಹಾಕುತ್ತಿದ್ದಂತೆ ಬೇಟೆಯ ಹಿಡಿತ ಸಡಿಲವಾಗುತ್ತಿತ್ತು.

ಅಕ್ಬರನ ಆಸ್ಥಾನದ ಅಬುಲ್ ಫಝಲ್ ಐನೆ ಅಕ್ಬರಿಯಲ್ಲಿ, ಮೊದಲು ಚೀತಾ ಪಳಗಲು ಎರಡು ಮೂರು ತಿಂಗಳು ಬೇಕಾಗುತ್ತಿತ್ತು, ಬಾದಶಾಹರ ಕ್ರಮದಿಂದ ಅದು 18 ದಿನಗಳಿಗೆ ಇಳಿಯಿತು ಎಂದು ದಾಖಲಿಸಿದ್ದಾರೆ. ಆಸ್ಥಾನ ಲೇಖಕನ ಹೊಗಳಿಕೆಯನ್ನು ಕಳೆದರೂ ಪಳಗಿಸುವ ಕ್ರಮಗಳನ್ನು ಹೋಲಿಸಿ ನೋಡುವ ಬುದ್ಧಿ ಆಗ ಇತ್ತೆಂಬುದು ಉಳಿಯುತ್ತದೆ. ನಾಯಿಗಳ ಬಗ್ಗೆಯೂ ಅದೇ ಗ್ರಂಥ ಹೇಳುತ್ತದೆ: ಅಕ್ಬರನಿಗೆ ಅವು ಇಷ್ಟ, ಕಾಬೂಲಿನ ಕಡೆಯಿಂದ ಒಳ್ಳೆಯ ನಾಯಿಗಳು ಬರುತ್ತಿದ್ದವು, ಅವುಗಳಿಗೆ ಅಲಂಕಾರ ಮಾಡಿ ಹೆಸರಿಡುತ್ತಿದ್ದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯ ಮಗ ಟಿಪ್ಪು ಸುಲ್ತಾನನ ಬಳಿಯೂ ಬೇಟೆಯ ಚೀತಾಗಳಿದ್ದವು. 1799ರ ನಂತರ ಅವು ಬ್ರಿಟಿಷರ ಪಾಲಾದವು.

ಬೆತ್ತದ ಕಾಲ

ಹಾಗಾದರೆ ದೊಣ್ಣೆ ಎಲ್ಲಿಂದ ಬಂತು? ಅದು ಯಾವಾಗಲೂ ಇತ್ತು. ಹಳೆಯ ಬೇಟೆಗಾರರೆಲ್ಲರೂ ಕರುಣಾಳುಗಳಾಗಿದ್ದರು ಎಂದರೆ ಸುಳ್ಳಾದೀತು. ಆದರೆ ಬೆತ್ತವನ್ನು ವಿಧಾನವಾಗಿ ಬರೆದಿಟ್ಟದ್ದು ಆಧುನಿಕ ಕಾಲ. ಜರ್ಮನಿಯ ಕೊನ್‌ರಾಡ್ ಮೋಸ್ಟ್ ಪೊಲೀಸ್ ನಾಯಿಗಳ ತರಬೇತಿಗೆ 1910ರಲ್ಲಿ ಬರೆದ ಕೈಪಿಡಿಯಲ್ಲಿ ಬಹುಮಾನಕ್ಕೂ ಜಾಗವಿತ್ತು, ಆದರೆ ಒತ್ತಾಯ ಮತ್ತು ದಂಡನೆ ಅದರ ಬೆನ್ನೆಲುಬು. ಎರಡು ಮಹಾಯುದ್ಧಗಳಲ್ಲಿ ಸೈನ್ಯದ ನಾಯಿಗಳನ್ನು ತಯಾರಿಸಿದವರು ಆ ರೀತಿಯನ್ನೇ ಮನೆಗಳಿಗೂ ತಂದರು.

ಅದಕ್ಕೆ ವಿಜ್ಞಾನದ ಮುದ್ರೆಯೂ ಬಿತ್ತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಯಜಮಾನಿಕೆಗಾಗಿ ಸದಾ ಕಾದಾಡುತ್ತವೆ ಎಂದು ಬರೆದ. ನಾಯಿ ತೋಳದ ಸಂತತಿ, ಆದ್ದರಿಂದ ನಾಯಿಯನ್ನು ಮಣಿಸಿ ಯಜಮಾನ ಯಾರೆಂದು ತೋರಿಸಬೇಕು ಎಂಬ ವಾದ ಅದರಿಂದ ಬೆಳೆಯಿತು. ತೋಳಗಳ ಬಗ್ಗೆ 1970ರಲ್ಲಿ ಪುಸ್ತಕ ಬರೆದು ಆ ವಾದವನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ 1999ರಲ್ಲಿ ತಾನೇ ಅದನ್ನು ತಿದ್ದಿದರು. ಕಾಡಿನ ತೋಳಗಳ ಗುಂಪು ಎಂದರೆ ತಂದೆ, ತಾಯಿ ಮತ್ತು ಮಕ್ಕಳ ಸಂಸಾರ, ಅಲ್ಲಿ ನಡೆಯುವುದು ಯಜಮಾನಿಕೆಯ ಯುದ್ಧವಲ್ಲ ಎಂದರು. ತಪ್ಪನ್ನು ಒಪ್ಪಿಕೊಳ್ಳುವಾಗ ಅವರಿಗೆ 60 ದಾಟಿತ್ತು. ಮರವೂ ಬಗ್ಗುತ್ತದೆ!

ಪ್ರಯೋಗಾಲಯ ಕಂಡುಕೊಂಡದ್ದು

ತುತ್ತಿನ ದಾರಿಯೂ ಇದೇ ಕಾಲದಲ್ಲಿ ವಿಜ್ಞಾನವಾಯಿತು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕು ನಾಯಿಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಒಳ್ಳೆಯ ಫಲ ಕೊಟ್ಟ ನಡೆಯನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ ಎಂದು ತೋರಿಸಿದರು. ಬಿ. ಎಫ್. ಸ್ಕಿನ್ನರ್ ಅದನ್ನು ಮುಂದುವರಿಸಿದರು. ಅವರ ವಿದ್ಯಾರ್ಥಿಗಳಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಲ್ಲಿ ಸಣ್ಣದೊಂದು ಸದ್ದನ್ನು ಬಳಸತೊಡಗಿದರು. ಪ್ರಾಣಿ ಸರಿಯಾದುದನ್ನು ಮಾಡಿದ ಕ್ಷಣದಲ್ಲೇ ಸದ್ದು, ನಂತರ ತಿಂಡಿ. ಕ್ಯಾರೆನ್ ಪ್ರಯರ್ 1984ರ ತಮ್ಮ ಪುಸ್ತಕದ ಮೂಲಕ ಈ ವಿಧಾನವನ್ನು ಸಾಮಾನ್ಯ ಜನರ ಮನೆಗೆ ತಲುಪಿಸಿದರು. ಅವರು ಮೊದಲು ಪಾಠ ಹೇಳಿದ್ದು ಡಾಲ್ಫಿನ್‌ಗಳಿಗೆ. ಈಜಿ ದೂರ ಹೋಗಬಲ್ಲ ಡಾಲ್ಫಿನ್‌ಗೆ ಹೊಡೆದು ಕಲಿಸಲು ಸಾಧ್ಯವೇ ಇರಲಿಲ್ಲ.

2020ರಲ್ಲಿ ಪೋರ್ಚುಗಲ್‌ನ ಸಂಶೋಧಕರು ಏಳು ತರಬೇತಿ ಶಾಲೆಗಳ 92 ನಾಯಿಗಳನ್ನು ಹೋಲಿಸಿದರು. ಗದರಿಕೆ, ಎಳೆತ, ಹೊಡೆತಗಳಿಂದ ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಾಗಿದ್ದವು, ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ರಾಸಾಯನಿಕವೂ ಏರಿತ್ತು.

ಇನ್ನು ವಯಸ್ಸಿನ ಮಾತು. ಗಾದೆಯಲ್ಲಿ ಅರ್ಧ ಸತ್ಯವಿದೆ. ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ತೋರಿಸಿದಂತೆ ಮೂರರಿಂದ ಹನ್ನೆರಡು ವಾರಗಳ ನಡುವೆ ಮರಿ ಮನುಷ್ಯರನ್ನು ನೋಡದಿದ್ದರೆ ಮುಂದೆ ಅದರ ಅಂಜಿಕೆ ಪೂರ್ತಿ ಹೋಗುವುದು ಕಷ್ಟ. ಆದರೆ ಕಲಿಯುವ ಬಾಗಿಲು ಆಗ ಮುಚ್ಚಿಹೋಗುವುದಿಲ್ಲ. ವಿಯೆನ್ನಾದ ಸಂಶೋಧಕರು 2016ರಲ್ಲಿ ತೊಂಬತ್ತಕ್ಕೂ ಹೆಚ್ಚು ನಾಯಿಗಳನ್ನು ಪರೀಕ್ಷಿಸಿದಾಗ ಮುದಿ ನಾಯಿಗಳಿಗೆ ಹೆಚ್ಚು ಸಲ ಹೇಳಿಕೊಡಬೇಕಾಯಿತು, ಆದರೆ ಕಲಿತದ್ದು ತಿಂಗಳುಗಳ ನಂತರವೂ ನೆನಪಿನಲ್ಲಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಊಹಿಸುವ ತರ್ಕದಲ್ಲಂತೂ ಅವೇ ಮುಂದಿದ್ದವು.

ನಮ್ಮ ಬೀದಿನಾಯಿಗಳ ಕತೆ ಇನ್ನೂ ಸ್ವಾರಸ್ಯಕರ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀದಿಯ ಬೆಳೆದ ನಾಯಿಗಳು ಅಪರಿಚಿತರನ್ನು ನಂಬುವುದು ತಿಂಡಿಗಿಂತ ತಲೆ ಸವರಿದವರನ್ನು ಎಂದು ಕಂಡುಬಂತು. 2020ರ ಇನ್ನೊಂದು ಅಧ್ಯಯನದಲ್ಲಿ, ಯಾವ ತರಬೇತಿಯೂ ಇಲ್ಲದ ಬೀದಿನಾಯಿಗಳಲ್ಲಿ ಹತ್ತಿರ ಬಂದವುಗಳ ಪೈಕಿ ಸುಮಾರು 80 ಶೇಕಡ ಮನುಷ್ಯನು ಕೈ ತೋರಿಸಿದ ಕಡೆಗೇ ಹೋದವು. ನಾವು ಹಚಾ ಎಂದು ಕಲ್ಲೆತ್ತುವ ಪ್ರಾಣಿ ನಮ್ಮ ಕೈಯನ್ನು ಇಷ್ಟು ಗಮನವಿಟ್ಟು ಓದುತ್ತಿದೆ.

ತೋಟದ ಕಾವಲಿನ ನಾಯಿಗೆ

ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ, ಮಾಲೂರಿನ ತರಕಾರಿ ಹೊಲಗಳಲ್ಲಿ ನಾಯಿ ಇಂದಿಗೂ ಕೆಲಸದ ಪ್ರಾಣಿ. ತೋಟದ ಫಸಲು ಗುತ್ತಿಗೆ ಹಿಡಿದವರು, ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಣ್ಣು ಇಳಿಸುವವರೆಗೆ ಕಾಯಬೇಕು. ಅಲ್ಲಿ ಸೇರಿಕೊಳ್ಳುವ ನಾಯಿ ಸಾಮಾನ್ಯವಾಗಿ ಮರಿಯಲ್ಲ, ಎಲ್ಲಿಂದಲೋ ಬಂದ ಬೆಳೆದ ನಾಯಿ. ಅದಕ್ಕೆ ಕಲಿಸುವ ಕ್ರಮ ಕಷ್ಟದ್ದಲ್ಲ.

ಮೊದಲ ಕೆಲಸ ನಂಬಿಕೆ. ಅದರ ಮೇಲೆ ಬಾಗದೆ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಪಕ್ಕಕ್ಕೆ ತಿರುಗಿ ಕುಳಿತು ತುಸು ದೂರದಿಂದ ಮುದ್ದೆಯ ಚೂರನ್ನೋ ಬೇಯಿಸಿದ ಮಾಂಸದ ತುಣುಕನ್ನೋ ಎಸೆಯಬೇಕು. ದಿನದಿಂದ ದಿನಕ್ಕೆ ಅದು ತಾನಾಗಿ ಹತ್ತಿರ ಬರಲಿ. ಎರಡನೆಯದು ಹೆಸರು. ಹೆಸರು ಕರೆದಾಗಲೆಲ್ಲ ಒಳ್ಳೆಯದೇ ಆಗಬೇಕು, ಬೈಯುವುದಕ್ಕೆ ಆ ಹೆಸರು ಬಳಸಬಾರದು. ಮೂರನೆಯದು ಹೊತ್ತು. ಕರೆದಾಗ ಬಂದ ಕ್ಷಣದಲ್ಲೇ ‘ಶಭಾಷ್’ ಎನ್ನಬೇಕು, ಕೂಡಲೇ ತುತ್ತು ಕೊಡಬೇಕು. ಅರ್ಧ ನಿಮಿಷ ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ನಾಯಿಗೆ ತಿಳಿಯುವುದಿಲ್ಲ. ಒಂದು ಸಲಕ್ಕೆ ಐದು ನಿಮಿಷದ ಪಾಠ ಸಾಕು. ಕಲಿತ ಮೇಲೆ ಪ್ರತಿ ಸಲವೂ ತಿಂಡಿ ಬೇಕಿಲ್ಲ, ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ.

ಬೇಡದ್ದನ್ನು ಬಿಡಿಸುವುದು ಹೇಗೆ? ಅದರ ಜಾಗದಲ್ಲಿ ಬೇಕಾದ್ದನ್ನು ಕಲಿಸಿ. ಬಂದವರ ಮೈಮೇಲೆ ಹಾರುವ ನಾಯಿ ಹಾರಿದಾಗ ಬೆನ್ನು ತಿರುಗಿಸಿ ನಿಲ್ಲಿ, ನಾಲ್ಕೂ ಕಾಲು ನೆಲಕ್ಕೆ ಬಂದಾಗ ಶಭಾಷ್ ಎನ್ನಿ. ಕೂಲಿಯವರನ್ನು ಕಂಡು ಬೊಗಳುವ ನಾಯಿ ಅವರನ್ನು ದೂರದಿಂದ ನೋಡಿದಾಗಲೇ ತುತ್ತು ಸಿಗಲಿ. ಗುರುಗುಟ್ಟುವ ನಾಯಿಗೆ ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡುತ್ತದೆ, ಭಯವನ್ನು ಬಿಡುವುದಿಲ್ಲ. ಮುಂದಿನ ಸಲ ಸೂಚನೆ ಕೊಡದೆಯೇ ಕಚ್ಚುತ್ತದೆ.

ನಮ್ಮ ಮುಂದಿರುವ ಪ್ರಶ್ನೆ

ಬೀದಿನಾಯಿಗಳ ಪ್ರಶ್ನೆ ನಮ್ಮ ಊರುಗಳಲ್ಲಿ ಬಿಸಿಯಾಗಿದೆ. ಸಂತಾನ ನಿಯಂತ್ರಣದ ನಿಯಮಗಳು 2001ರಲ್ಲಿ ಬಂದವು, 2023ರಲ್ಲಿ ಅವುಗಳ ಜಾಗದಲ್ಲಿ ಹೊಸ ನಿಯಮಗಳು ಬಂದವು. 2025ರ ಆಗಸ್ಟ್‌ನಲ್ಲಿ ಸುಪ್ರೀಮ್ ಕೋರ್ಟ್ ದಿಲ್ಲಿಯ ನಾಯಿಗಳನ್ನೆಲ್ಲ ಹಿಡಿದಿಡಲು ಹೇಳಿದ ಆದೇಶ, ಹನ್ನೊಂದೇ ದಿನಗಳಲ್ಲಿ ಅದರ ತಿದ್ದುಪಡಿ, ನವೆಂಬರ್‌ನಲ್ಲಿ ಶಾಲೆ ಆಸ್ಪತ್ರೆಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಲು ಕೊಟ್ಟ ಆದೇಶ, ಇವೆಲ್ಲ ದೇಶವನ್ನೇ ಎರಡು ಪಕ್ಷ ಮಾಡಿದವು. ಕಚ್ಚಿಸಿಕೊಂಡ ಮಗುವಿನ ತಾಯಿಗೆ ನಾಯಿಯ ಚರಿತ್ರೆ ಹೇಳಿದರೆ ಸಾಲದು. ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅಪರೂಪ. ಕಚ್ಚಿದ ಜಾಗವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆಯುವುದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸುವುದು, ನಾಯಿಗಳಿಗೆ ಲಸಿಕೆ ಹಾಕಿಸುವುದು, ಇವಕ್ಕೆ ಯಾವ ತರಬೇತಿಯೂ ಬದಲಿಯಲ್ಲ. ಅಪರಿಚಿತ ನಾಯಿಯ ಬಳಿ ಮಕ್ಕಳನ್ನು ಬಿಡಲೂ ಬಾರದು.

ಆದರೆ ದಿನವೂ ಕಲ್ಲೇಟು ತಿಂದ ನಾಯಿ ಏನು ಕಲಿಯುತ್ತದೆ ಎಂದು ಕೇಳಿಕೊಳ್ಳುವುದು ನಮ್ಮ ಹೊಣೆ. ಅದೂ ಕಲಿಕೆಯೇ. ಎತ್ತಿದ ಕೈ ಎಂದರೆ ನೋವು ಎಂದು ಅದು ಕಲಿಯುತ್ತದೆ. ಚೆಂಡು ಎಸೆಯಲು ಕೈ ಎತ್ತಿದ ಹುಡುಗನಿಗೂ ಕಲ್ಲೆತ್ತಿದವನಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ನಾಯಿ ಕಲಿಯುವುದಿಲ್ಲ ಎಂಬ ದೂರು ಸುಳ್ಳು. ನಾವು ಕಲಿಸಿದ್ದನ್ನೇ ಅದು ಕಲಿತಿದೆ.

ಬಾಯಾರಿ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತಂದುಕೊಟ್ಟವನಿಗೆ ಕ್ಷಮೆ ಸಿಕ್ಕಿತೆಂಬ ಹದೀಸ್ ನಮ್ಮಲ್ಲಿ ಅನೇಕರಿಗೆ ಗೊತ್ತು. ಆ ಮನುಷ್ಯನ ಹೆಸರೂ ಉಳಿದಿಲ್ಲ, ನಾಯಿಯ ಹೆಸರೂ ಉಳಿದಿಲ್ಲ. ಮುಳಬಾಗಿಲಿನಲ್ಲಿ ಮಾತ್ರ ಲೋಗ, ಧಳಗ ಎಂಬ ಎರಡು ಹೆಸರುಗಳು ಸಾವಿರ ವರ್ಷ ಉಳಿದುಬಂದವು. ಅವುಗಳ ಬಾಲ ಡೊಂಕಾಗಿತ್ತೋ ನೆಟ್ಟಗಿತ್ತೋ ಎಂದು ಕಲ್ಲು ಕೆತ್ತಿಸಿದವನು ಬರೆಸಲಿಲ್ಲ. ಅವು ಮಾಡಿದ ಕೆಲಸವನ್ನು ಬರೆಸಿದ.